ಆರೂವರೆ ಬಲ್ಬಿನ ಸಾಕ್ಷಿ

"ಇನ್ನೊಂದು ಹೆಜ್ಜೆ ಮುಂದಿಟ್ರೆ ನಿಮ್ಮ ಕಾಲು ಬೆಲ್ಟಿಗೆ ಎಡವ್ತದೆ ಗೌಡ್ರೆ. ಆಮೇಲೆ ಅದಕ್ಕೂ ಮಂಜಯ್ಯನವ್ರೇ ಕಾರಣ ಅಂತ ಬರೆಸ್ತೀರಿ."

ನಾನು ತಲೆ ಎತ್ತದೆ ಹೇಳಿದೆ. ನನ್ನ ಕಣ್ಣು ಥರ್ಮಾಮೀಟರಿನ ಮೇಲಿತ್ತು, ಅದನ್ನು ಬಿಟ್ಟು ಬೇರೆಡೆ ನೋಡುವ ಹಾಗಿರಲಿಲ್ಲ.

ಹೊಸಗುಡ್ಡ ಎಸ್ಟೇಟಿನ ಮಾಲೀಕ ರಾಜೇಶ್ ಗೌಡರು ಹೊಸಿಲಲ್ಲೇ ನಿಂತುಬಿಟ್ಟರು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಈ ಪಲ್ಪರ್ ಮನೆ ಅವರದು, ಒಳಗಿದ್ದ ಮೋಟಾರೂ ಅವರದೇ. ಆದರೆ ಸಂಜೆ ಐದರವರೆಗೆ ಎರಡನ್ನೂ ಮುಟ್ಟುವ ಅಪ್ಪಣೆ ನನಗಿತ್ತು. ಅಪ್ಪಣೆ ಕೊಟ್ಟ ಸಬ್ ಇನ್‌ಸ್ಪೆಕ್ಟರ್ ಧನ್ಯಾ ಮೂಲೆಯಲ್ಲಿ ಗೋಣಿಚೀಲಗಳ ಅಟ್ಟಿಯ ಮೇಲೆ ಕೂತು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು.

"ಎಂತ ವಾಸನೆ ಇದು?" ಗೌಡರು ಮೂಗು ಮುಚ್ಚಿಕೊಂಡರು.

"ಮೀನಿಂದು. ಥರ್ಮಾಕೋಲ್ ಪೆಟ್ಟಿಗೆಗಳು ಬಣಕಲ್ ಮೀನಂಗಡಿಯಿಂದ ಬಂದವು. ಮೂರು ಸಲ ತೊಳೆದೆ, ಹೋಗ್ಲಿಲ್ಲ. ಮೋಟಾರಿಗೆ ಮೂಗಿಲ್ಲ ಬಿಡಿ."

ಚೀಲದ ಪಕ್ಕ ನಿಂತಿದ್ದ ರಂಜಿತಾ ನಗಲಿಲ್ಲ. ಅವಳು ನಗುವುದನ್ನು ಬಿಟ್ಟು ಹತ್ತು ದಿನವಾಗಿತ್ತು.

ಹತ್ತು ದಿನದ ಹಿಂದೆ, ಗಣರಾಜ್ಯೋತ್ಸವದ ಸಂಜೆ, ಈ ಎಸ್ಟೇಟಿನ ಡ್ರೈಯರ್ ಮನೆ ಹೊತ್ತಿ ಉರಿದು, ಲೆಕ್ಕ ಬರೆಯುವ ರೈಟರ್ ಜನಾರ್ದನ ಸತ್ತುಹೋದ. ಕಾಫಿ ಒಣಗಿಸುವ ಫ್ಯಾನಿನ ಮೋಟಾರು ವಿಪರೀತ ಕಾದು ಬೆಂಕಿ ಹತ್ತಿತೆಂದು ವರದಿ. ಆ ಮೋಟಾರಿಗೆ ಹೊಸ ತಂತಿ ಸುತ್ತಿಕೊಟ್ಟಿದ್ದ ಮೂಡಿಗೆರೆಯ ಮಂಜಯ್ಯ ಈಗ ಪೊಲೀಸರ ವಶದಲ್ಲಿ. "ತಪ್ಪು ನನ್ನದೇ" ಎಂದು ಒಂದೇ ಮಾತು ಹೇಳಿ ಆ ಮನುಷ್ಯ ಬಾಯಿ ಮುಚ್ಚಿದವರು ಮತ್ತೆ ತೆರೆದಿಲ್ಲ.

ರಂಜಿತಾ ಮಂಜಯ್ಯನವರ ಮಗಳು. ವಯಸ್ಸು ಮೂವತ್ತೆರಡು, ಅಪ್ಪನ ಅಂಗಡಿಯಲ್ಲೇ ಮೋಟಾರು ಸುತ್ತುತ್ತಾಳೆ. ನಾಳೆ ಹನ್ನೊಂದಕ್ಕೆ ಕೋರ್ಟಿನಲ್ಲಿ ಜಾಮೀನು ಅರ್ಜಿ. ವರದಿ ತಪ್ಪೆಂದು ಇವತ್ತೇ ತೋರಿಸದಿದ್ದರೆ ಅರವತ್ತೆಂಟರ ಮಂಜಯ್ಯ ಜೈಲಿಗೆ ಹೋಗುತ್ತಾರೆ, ಅಂಗಡಿಗೆ ಬೀಗ ಬೀಳುತ್ತದೆ. ನನಗೆ ಇದಕ್ಕಿಂತ ಹೆಚ್ಚಿನ ಕಾರಣ ಬೇಕಿರಲಿಲ್ಲ.

"ಟೀಚರಮ್ಮ, ನಿಮ್ಮ ವಯಸ್ಸಿಗೆ ಇದೆಲ್ಲ ಯಾಕೆ? ಎಕ್ಸ್‌ಪರ್ಟ್ ರಿಪೋರ್ಟ್ ಕೊಟ್ಟಾಗಿದೆ. ಮಂಜಯ್ಯನೂ ಒಪ್ಪಿದಾನೆ. ಮತ್ತೆಂತದು?" ಗೌಡರು ನಯವಾಗಿ ಕೇಳಿದರು.

"ಒಪ್ಪಿದ್ರೆ ಆಯ್ತಾ? ಮೂವತ್ತೊಂದು ವರ್ಷ ಪಾಲಿಟೆಕ್ನಿಕ್ಕಿನಲ್ಲಿ ಮೋಟಾರಿನ ಪಾಠ ಮಾಡಿದೀನಿ. ತಪ್ಪು ಉತ್ತರಾನ ಇಡೀ ಕ್ಲಾಸು ಒಪ್ಪಿದ್ದನ್ನ ನೋಡಿದೀನಿ. ಒಪ್ಪಿದಾರೆ ಅಂತ ಯಾರಿಗೂ ಒಂದು ಅಂಕ ಹೆಚ್ಚು ಕೊಟ್ಟವಳಲ್ಲ ನಾನು."

ಗೌಡರ ಬೆನ್ನ ಹಿಂದಿನಿಂದ ಆ ಎಕ್ಸ್‌ಪರ್ಟು ಇಣುಕಿದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಟ್ಯಾಬು. ಸುಪ್ರೀತ. ಚಿಕ್ಕಮಗಳೂರಿನಲ್ಲಿ ಕನ್ಸಲ್ಟೆಂಟ್ ಎಂದು ಬೋರ್ಡು ಹಾಕಿಕೊಂಡಿದ್ದಾನೆ. ನನ್ನ ವಿಷಯದಲ್ಲಿ ಮೂವತ್ತೆಂಟು ಅಂಕ ತೆಗೆದು, ಇನ್ನೆರಡಕ್ಕೆ ನನ್ನ ಮನೆ ಬಾಗಿಲಿಗೆ ಬಂದಿದ್ದ ಹುಡುಗ.

"ನಮಸ್ಕಾರ ಮೇಡಂ."

"ಬಾರಪ್ಪ ಸುಪ್ರೀತ. ನಿನಗೇ ಕಾಯ್ತಿದ್ದೆ."

ಅವನ ವರದಿಯನ್ನು ನಾನು ಬಾಯಿಪಾಠ ಮಾಡಿಕೊಂಡಿದ್ದೆ. ಸುಟ್ಟ ಮೋಟಾರನ್ನು ಓಡಿಸಿ ನೋಡಲಾಗುವುದಿಲ್ಲ. ಹಾಗಾಗಿ ಅವನು ಪರೀಕ್ಷಿಸಿದ್ದು ಅದರ ಜೊತೆಯದನ್ನು, ಅಂದರೆ ಈ ಪಲ್ಪರ್ ಮನೆಯ ಮೋಟಾರನ್ನು. ಎರಡೂ ಐದು ಎಚ್‌ಪಿ, ಒಂದೇ ದಿನ ಕೊಂಡವು. ಹೋದ ಮಳೆಗಾಲದಲ್ಲಿ ಒಂದೇ ವಾರ ಮಂಜಯ್ಯನ ಕೈಯಲ್ಲಿ ಸುತ್ತಿಸಿಕೊಂಡವು. ಇದು ಕೆಟ್ಟಿದೆ, ಆದ್ದರಿಂದ ಅದೂ ಕೆಟ್ಟಿತ್ತು ಎನ್ನುವುದು ಅವನ ವಾದ.

ವಾದದಲ್ಲಿ ತಪ್ಪಿರಲಿಲ್ಲ. ಅಳತೆಯಲ್ಲಿ ಇತ್ತು.

"ಹಳೇ ವೈಂಡಿಂಗ್ ತೆಗೆಯೋಕೆ ಮೋಟಾರನ್ನ ಸೌದೆ ಬೆಂಕಿಗೆ ಹಾಕ್ತಾರೆ ಮೇಡಂ," ಸುಪ್ರೀತ ಧನ್ಯಾರ ಕಡೆ ತಿರುಗಿ ವಿವರಿಸಿದ. "ತಂತಿ ಬೇಗ ಕಿತ್ತು ಬರ್ತದೆ. ಆದ್ರೆ ಒಳಗಿನ ಕಬ್ಬಿಣದ ತಗಡುಗಳ ಮಧ್ಯೆ ಇರೋ ವಾರ್ನಿಶ್ ಸುಟ್ಟು ಹೋಗ್ತದೆ. ಆಮೇಲೆ ಕಬ್ಬಿಣ ತನ್ನಷ್ಟಕ್ಕೇ ಕಾಯ್ತದೆ. ಈ ಮೋಟಾರಲ್ಲಿ ಸಾವಿರದ ನೂರು ವಾಟ್ ಬರೀ ಬಿಸಿಯಾಗಿ ಹೋಗ್ತಿದೆ. ಇರ್ಬೇಕಾದ್ದು ಆರುನೂರೈವತ್ತು."

"ಅಪ್ಪ ಬೆಂಕಿಗೆ ಹಾಕೋರಲ್ಲ," ರಂಜಿತಾ ಹಲ್ಲು ಕಚ್ಚಿಕೊಂಡೇ ಹೇಳಿದಳು. "ಮೂಡಿಗೇರೇಲಿ ಎಲ್ರೂ ಹಾಕ್ತಾರೆ, ಅಪ್ಪ ಹಾಕಲ್ಲ. ಉಳೀಲಿ ತಂತಿ ತಲೆ ಕತ್ತರಿಸಿ, ಒಂದೊಂದೇ ಎಳೆ ಕೈಯಲ್ಲಿ ಎಳೀತಾರೆ. ಒಂದು ಗಂಟೆ ಕೆಲ್ಸಕ್ಕೆ ಎರಡು ದಿನ ಹಿಡೀತಾರೆ ಅಂತ ಗಿರಾಕಿಗಳು ಬೈತಾರೆ. ಎಳೆದೂ ಎಳೆದೂ ನನ್ನ ಬೆರಳು ನೋಡಿ, ಹೇಗಾಗಿದೆ."

ಅವಳು ಕೈ ಚಾಚಿದಳು. ಬೆರಳ ತುದಿಗಳು ಗಟ್ಟಿಯಾಗಿ ಕಪ್ಪಿಟ್ಟಿದ್ದವು. ಸುಪ್ರೀತ ಟ್ಯಾಬಿನಲ್ಲಿ ಏನನ್ನೋ ಹುಡುಕತೊಡಗಿದ.

"ಸಾವಿರದ ನೂರು ಹೇಗೆ ಬಂತು? ಹೇಳು," ನಾನು ಕೇಳಿದೆ.

"ಒಳಗೆ ಹೋಗೋ ಪವರ್ ಕ್ಲಾಂಪ್ ಮೀಟರಲ್ಲಿ. ಹೊರಗೆ ಬರೋದನ್ನ ಬೆಲ್ಟಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ, ಅದರ ಎಳೆತದಲ್ಲಿ. ಕಳೆದೆ."

"ಒಳಗೆ ನಾಲ್ಕೂವರೆ ಸಾವಿರ, ಹೊರಗೆ ಮೂರು ಸಾವಿರದ ನಾನೂರು. ಹೌದಲ್ಲ?"

"ಹೌದು."

"ಕಾಫಿ ತುಂಬಿದ ಲಾರೀನ ಡ್ರೈವರ್ ಕೂತಾಗ ಒಂದು ಸಲ, ಇಳಿದಾಗ ಒಂದು ಸಲ ವೇಬ್ರಿಜ್ಜಲ್ಲಿ ತೂಗಿ, ಡ್ರೈವರಿನ ತೂಕ ಇಷ್ಟು ಅಂತ ಹೇಳ್ತೀಯಲ್ಲ ಮಾರಾಯ! ಎರಡು ದೊಡ್ಡ ಅಳತೇಲಿ ನೂರಕ್ಕೆ ಆರು ಹೆಚ್ಚುಕಮ್ಮಿ ಆದ್ರೆ ಕಳೆದಾಗ ನಾನೂರೈವತ್ತು ವಾಟ್ ಗಾಳೀಲಿ ಹುಟ್ಟುತ್ತದೆ. ನಿನ್ನ ಬೆಲ್ಟಿನ ಸ್ಪ್ರಿಂಗು ಅಷ್ಟು ಸುಳ್ಳು ಹೇಳದೆ ಇರ್ತದಾ?"

ಅವನ ಮುಖ ಕೆಂಪಾಯಿತು. ನನಗೆ ಖುಷಿಯಾಯಿತು. ಇದನ್ನು ಮುಚ್ಚಿಟ್ಟು ಏನು ಪ್ರಯೋಜನ?

ನಾನು ಪೆಟ್ಟಿಗೆಯ ಮೇಲೆ ಕೈಯಿಟ್ಟೆ. ಮೀನಿನ ಥರ್ಮಾಕೋಲು ಎರಡು ಪದರ, ನಡುವೆ ಭತ್ತದ ಹೊಟ್ಟು. ಒಳಗೆ ಮೋಟಾರು. ಅದರ ತಿರುಗುವ ದಂಡ ಮಾತ್ರ ಒಂದು ತೂತಿನಿಂದ ಹೊರಗೆ ಬಂದು, ಬೆಲ್ಟಿನ ಮೂಲಕ ಒಂದು ಹಳೆಯ ಜನರೇಟರನ್ನು ತಿರುಗಿಸುತ್ತದೆ. ಮೋಟಾರಿಗೆ ಅದೇ ಹೊರೆ. ಒಂದು ಕಡೆಯಿಂದ ಸಣ್ಣ ಫ್ಯಾನು ಗಾಳಿ ದೂಡುತ್ತದೆ, ಇನ್ನೊಂದು ಕಡೆಯಿಂದ ಆ ಗಾಳಿ ಹೊರಬರುತ್ತದೆ. ಎರಡೂ ಬಾಯಿಗೆ ಒಂದೊಂದು ಥರ್ಮಾಮೀಟರು.

"ಧನ್ಯಾ ಮೇಡಂ, ಇದನ್ನ ಒಂದು ಸಲ ಪೂರ್ತಿ ಕೇಳಿ. ಮೋಟಾರಿಗೆ ಕೊಟ್ಟ ಕರೆಂಟಲ್ಲಿ ಕೆಲಸಕ್ಕೆ ಹೋಗದೆ ಉಳಿದಿದ್ದೆಲ್ಲ ಬಿಸಿ ಆಗ್ಲೇಬೇಕು. ಆ ಬಿಸಿ ಈ ಗಾಳೀಲೇ ಹೊರಗೆ ಬರ್ಬೇಕು. ಬೆಳಿಗ್ಗೆ ಏಳಕ್ಕೆ ಶುರು ಮಾಡಿದ್ವಿ. ಹನ್ನೊಂದಕ್ಕೆ ಬಿಸಿ ಏರೋದು ನಿಂತಿತು. ಹೊರಗೆ ಬರೋ ಗಾಳಿ ಒಳಗೆ ಹೋಗೋದಕ್ಕಿಂತ ಹದಿಮೂರು ಡಿಗ್ರಿ ಹೆಚ್ಚು. ನೀವೇ ಬರ್ಕೊಂಡಿದೀರಿ."

"ಹದಿಮೂರು. ಬರ್ಕೊಂಡಿದೀನಿ," ಧನ್ಯಾ ಹೇಳಿದರು.

"ಆಮೇಲೆ ಮೋಟಾರು ನಿಲ್ಲಿಸಿದ್ವಿ. ಕೋಳಿಮರಿಗೆ ಕಾವು ಕೊಡೋ ನೂರು ವಾಟಿನ ಬಲ್ಬುಗಳನ್ನ ಅದೇ ಪೆಟ್ಟಿಗೇಲಿ ಹಚ್ಚಿದ್ವಿ. ಅದೇ ಫ್ಯಾನು, ಅದೇ ಗಾಳಿ. ಹದಿಮೂರು ಡಿಗ್ರಿ ಬರೋವರೆಗೆ ಒಂದೊಂದೇ ಬಲ್ಬು ಸೇರಿಸಿದ್ವಿ. ಎಷ್ಟಾಯ್ತು ರಂಜಿತಾ?"

"ನೂರರ ಬಲ್ಬು ಆರು, ನಲವತ್ತರದ್ದು ಒಂದು."

"ಬಲ್ಬಿನ ಮೇಲೆ ನೂರು ಅಂತ ಬರೆದಿದಾರೆ ಅಂತ ನಂಬಿಲ್ಲ, ಮೀಟರ್ ಹಾಕಿ ಅಳೆದೆ. ಆರುನೂರ ನಲವತ್ತು ವಾಟ್. ಕಾರ್ಖಾನೆಯಿಂದ ಹೊಸದಾಗಿ ಬಂದಾಗ ಎಷ್ಟಿತ್ತೋ ಹೆಚ್ಚುಕಮ್ಮಿ ಅಷ್ಟೇ. ಪೆಟ್ಟಿಗೆ ಎಲ್ಲಾದ್ರೂ ಸೋರ್ತದೆ ಅಂತೀರಾ? ಸೋರ್ಲಿ. ಮೋಟಾರಿಗೆ ಎಷ್ಟು ಸೋರ್ತೋ ಬಲ್ಬಿಗೂ ಅಷ್ಟೇ ಸೋರ್ತದೆ. ಮಂಜಯ್ಯ ಸುತ್ತಿದ ಮೋಟಾರಲ್ಲಿ ಒಂದು ಕುಂದಿಲ್ಲ."

ರಂಜಿತಾ ಮುಖ ಆ ಕಡೆ ತಿರುಗಿಸಿ ಕಣ್ಣೊರೆಸಿಕೊಂಡಳು.

ರಾಜೇಶ್ ಗೌಡರು ನಿಧಾನವಾಗಿ ಒಳಗೆ ಬಂದರು. ಮೀನಿನ ವಾಸನೆ ಮರೆತಿದ್ದರು.

"ಇದೆಲ್ಲ ನಾವಿಲ್ದಾಗ ಮಾಡಿದ್ದು. ಮೀನಿನ ಡಬ್ಬ, ಕೋಳಿ ಬಲ್ಬು. ಕೋರ್ಟಲ್ಲಿ ನಗ್ತಾರೆ. ಅಷ್ಟು ಧೈರ್ಯ ಇದ್ರೆ ನಮ್ಮ ಕಣ್ಣೆದುರು ಇನ್ನೊಂದ್ಸಲ ಓಡಿಸಿ."

ಗಂಟೆ ಮೂರಾಗಿತ್ತು.

"ಬೇಡ ಟೀಚರಮ್ಮ," ರಂಜಿತಾ ಥಟ್ಟನೆ ನನ್ನ ತೋಳು ಹಿಡಿದಳು. "ಸಿಕ್ಕಿದ್ದು ಸಾಕು. ಹೋಗೋಣ."

"ಎಂತ ಹೆದರಿಕೆ ನಿಂಗೆ? ನಾಳೆ ಕೋರ್ಟಲ್ಲಿ ಇವ್ರು ಇದೇ ಮಾತು ಎತ್ತೋಕೆ ಬಿಡ್ಬೇಕಾ? ಹಾಕು ಸ್ವಿಚ್ಚು!"

ಅವಳು ಒಂದು ಕ್ಷಣ ನಿಂತಳು. ಆಮೇಲೆ ಹೋಗಿ ಬಲ್ಬು ತೆಗೆದು, ಪೆಟ್ಟಿಗೆ ಮುಚ್ಚಿ, ಸ್ವಿಚ್ಚು ಹಾಕಿದಳು. ಆ ಒಂದು ಕ್ಷಣವನ್ನು ನಾನು ಗಮನಿಸಬೇಕಿತ್ತು. ಜಗಳದ ಅಮಲಿನಲ್ಲಿ ಗಮನಿಸಲಿಲ್ಲ.

ಪೆಟ್ಟಿಗೆ ಮೊದಲೇ ಬೆಚ್ಚಗಿತ್ತು, ಹೆಚ್ಚು ಹೊತ್ತು ಕಾಯಬೇಕಾಗಲಿಲ್ಲ. ನಾಲ್ಕು ಗಂಟೆಗೆ ಹತ್ತು ನಿಮಿಷ ಇರುವಾಗ ವ್ಯತ್ಯಾಸ ಹದಿಮೂರಕ್ಕೆ ಬಂದು ನಿಂತಿತು. ನಾಲ್ಕಕ್ಕೂ ಹದಿಮೂರು. ನಾಲ್ಕೂ ಹತ್ತಕ್ಕೂ ಹದಿಮೂರು.

"ಓದಿ ಗೌಡ್ರೆ, ನೀವೇ ಓದಿ," ಎಂದೆ. ಗೌಡರು ಬಗ್ಗಿ ಓದಿದರು. ಸುಪ್ರೀತನೂ ಓದಿದ.

ನಾನು ವೈರುಗಳನ್ನು ಬಿಚ್ಚುವುದರಲ್ಲಿದ್ದೆ. ಆಗ ಧನ್ಯಾ, "ಒಂದು ನಿಮಿಷ," ಎಂದರು. "ಇದು ಹದಿಮೂರೂವರೆ ತೋರಿಸ್ತಿದೆ."

ನಾಲ್ಕೂ ಇಪ್ಪತ್ತೈದಕ್ಕೆ ಹದಿನಾಲ್ಕಾಯಿತು. ನಾಲ್ಕೂವರೆಗೆ ಹದಿನೈದು. ಅಲ್ಲಿಗೆ ನಿಲ್ಲಲಿಲ್ಲ. ಪೆಟ್ಟಿಗೆಯೊಳಗಿನ ಗುಂಯ್ ಎನ್ನುವ ಸದ್ದಿಗೆ ಒಂದು ಗೊಗ್ಗರು ಕಂಪನ ಸೇರಿಕೊಂಡಿತು.

"ನೋಡಿ!" ಸುಪ್ರೀತ ಬಹುತೇಕ ಕೂಗಿದ. "ನಾನು ಹೇಳ್ಲಿಲ್ವಾ? ಸ್ವಲ್ಪ ಹೊತ್ತು ಚೆನ್ನಾಗಿರ್ತದೆ, ಆಮೇಲೆ ಕೈ ಕೊಡ್ತದೆ. ಆವತ್ತೂ ಹೀಗೇ ಆಗಿದ್ದು!"

ಹದಿನಾರೂವರೆ.

ಸುಳ್ಳು ಹೇಳಿ ಏನಾಗಬೇಕು, ಆ ಐದು ನಿಮಿಷ ನನಗೂ ಮಂಜಯ್ಯನ ಮೇಲೆ ಅನುಮಾನ ಬಂತು. ಆರೂವರೆ ಬಲ್ಬಿನ ಬಿಸಿ ಎಂಟಕ್ಕೂ ಹೆಚ್ಚಾಗಿತ್ತು. ಧನ್ಯಾ ತಲೆಯೆತ್ತದೆ ಬರೆಯುತ್ತಿದ್ದರು. ಗೌಡರು ವಾಚು ನೋಡಿಕೊಂಡು, "ಐದಕ್ಕೆ ಇಪ್ಪತ್ತೈದು ನಿಮಿಷ ಇದೆ ಟೀಚರಮ್ಮ. ಮುಗಿಸೋಣ್ವಾ?" ಎಂದರು.

"ಐದು ಅಂದ್ರೆ ಐದು. ಅಲ್ಲೀವರೆಗೆ ಬಾಯಿ ಮುಚ್ಕೊಂಡಿರಿ."

ಎಸ್ಟೇಟ್ ಮಾಲೀಕರಿಗೆ ಹಾಗೆ ಹೇಳಬಾರದು. ಹೇಳಿಯಾಗಿತ್ತು.

ಯೋಚಿಸಿದೆ. ಮೋಟಾರು ಅದೇ. ಹೊರೆ ಬದಲಾಯಿತೇ? ಜನರೇಟರಿನ ಮುಳ್ಳು ನೋಡಿದೆ, ಬೆಳಿಗ್ಗೆ ಇದ್ದಲ್ಲೇ ಇತ್ತು. ಗಾಳಿ? ಫ್ಯಾನಿನ ಬಾಯಿಗೆ ಕೈಯಿಟ್ಟೆ, ಅಷ್ಟೇ ಬರುತ್ತಿತ್ತು. ಬೇರಿಂಗು ಹೋದರೆ ಕಿರುಚುತ್ತದೆ, ಇದು ಗೊಣಗುತ್ತಿತ್ತು. ಹಾಗಾದರೆ ಉಳಿದದ್ದು ಒಂದೇ, ಮೋಟಾರಿಗೆ ಬರುತ್ತಿರುವ ಕರೆಂಟು.

ಮೀಟರಿನ ಕಡ್ಡಿಗಳನ್ನು ಬೋರ್ಡಿನ ಮೂರು ಫೇಸುಗಳಿಗೆ ಜೋಡಿ ಜೋಡಿಯಾಗಿ ಮುಟ್ಟಿಸಿದೆ. ಬೆಳಿಗ್ಗೆ ಮೂರೂ ಜೋಡಿ ನಾನೂರ ಹತ್ತು ವೋಲ್ಟಿನ ಆಸುಪಾಸಿನಲ್ಲಿದ್ದವು. ಈಗ ಒಂದು ನಾನೂರ ಹನ್ನೊಂದು. ಇನ್ನೊಂದು ಮುನ್ನೂರ ಎಂಬತ್ತೆಂಟು. ಮತ್ತೊಂದು ಮುನ್ನೂರ ಎಂಬತ್ತಾರು.

ನನಗೆ ನಗು ಬಂತು. ಜೋರಾಗಿಯೇ ನಕ್ಕೆ.

"ಎಂತ ಆಯ್ತು ಇವ್ರಿಗೆ?" ಗೌಡರು ಧನ್ಯಾರನ್ನು ಕೇಳಿದರು.

"ಒಂದು ಫೇಸು ಕುಸಿದಿದೆ ಗೌಡ್ರೆ! ಮೂರು ಜನ ಸೇರಿ ಮೂಟೆ ಹೊರೋವಾಗ ಒಬ್ಬ ಬಗ್ಗಿದ್ರೆ ಉಳಿದವ್ರ ಕತೆ ಏನು? ಮೋಟಾರಿಗೂ ಹಾಗೇ. ಇಪ್ಪತ್ತೈದು ವೋಲ್ಟಿನ ಏರುಪೇರಿಗೇ ಬಿಸಿ ಕಾಲು ಭಾಗಕ್ಕಿಂತ ಹೆಚ್ಚು ಏರಿದೆ. ಇನ್ನೂ ಸ್ವಲ್ಪ ಏರುಪೇರಾದ್ರೆ ಎಂಥ ಹೊಸ ಮೋಟಾರೂ ಸುಡ್ತದೆ. ಈಗ ಹೇಳಿ. ನಾಲ್ಕೂ ಕಾಲಿಗೆ ನಿಮ್ಮ ಎಸ್ಟೇಟಲ್ಲಿ ಒಂದೇ ಫೇಸಿನ ಮೇಲೆ ಅಷ್ಟು ಕರೆಂಟು ಎಳೀತಿರೋದು ಎಂತದು?"

"ನಂಗೇನು ಗೊತ್ತು? ಲೈನಲ್ಲಿ ಯಾವಾಗ್ಲೂ ಹೀಗೇ. ಇಲಾಖೆಯವ್ರನ್ನ ಕೇಳಿ."

ಅದೂ ನಿಜವಿರಬಹುದಿತ್ತು. ನಮ್ಮ ಕಡೆ ಲೈನಿನ ಮೇಲೆ ಮರ ಬೀಳದ ವಾರವಿಲ್ಲ. ಆದರೆ ಹೊರಗಿನಿಂದ ಜನರ ಸದ್ದು ಕೇಳಿಸಿತು. ಕಿಟಕಿಗೆ ಹೋದೆ. ಮೇಲಿನ ಗುಡ್ಡದಲ್ಲಿ ಗೌಡರ ಹೋಂಸ್ಟೇ, ಆರು ಹೊಸ ಕಾಟೇಜು. ಅಂಗಳದಲ್ಲಿ ಮೂರು ಜೀಪು, ಚಕ್ರದ ತುಂಬ ಕೆಂಪು ಧೂಳು. ಬೆಳಿಗ್ಗೆ ನಾವು ಬರುವ ಮೊದಲೇ ಗುಡ್ಡ ಹತ್ತಲು ಹೋಗಿದ್ದ ಪ್ರವಾಸಿಗಳು ಈಗ ವಾಪಸಾಗಿದ್ದರು.

ಧೂಳು ಮೆತ್ತಿಕೊಂಡು ಬಂದವರು ಮೊದಲು ಮಾಡುವ ಕೆಲಸ ಸ್ನಾನ.

"ಕಾಟೇಜಿಗೆ ಬಿಸಿನೀರು ಎಲ್ಲಿಂದ ಗೌಡ್ರೆ?"

"ಸೋಲಾರ್."

ಅವರು ಬಹಳ ಬೇಗ ಉತ್ತರ ಕೊಟ್ಟರು. ಕಾಟೇಜಿನ ಸೂರುಗಳ ಮೇಲೆ ಹೆಂಚು ಬಿಟ್ಟು ಏನೂ ಇರಲಿಲ್ಲ.

ನಾನು ಬೋರ್ಡಿನ ಹತ್ತಿರ ವಾಪಸು ಬಂದು ಅದರ ಪಕ್ಕದ ಚೀಲಗಳನ್ನು ಎಳೆದು ಹಾಕಿದೆ. ಅರವತ್ತಮೂರರ ಸೊಂಟ ಎರಡು ಸಲ ಬೈದುಕೊಂಡಿತು. ಮೂರನೆಯ ಚೀಲದ ಹಿಂದೆ ಗೋಡೆಗೆ ಒಂದು ಕಬ್ಬಿಣದ ಡಬ್ಬಿ. ಅದರಿಂದ ಹೊರಟ ದಪ್ಪ ಕಪ್ಪು ಕೇಬಲ್ಲು ಗೋಡೆಯ ತೂತಿನಿಂದ ಹೊರಗೆ ಹೋಗಿ, ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯ ಮರೆಯಲ್ಲಿ ಮೇಲೇರಿ, ಮರದಿಂದ ಮರಕ್ಕೆ ಗುಡ್ಡ ಹತ್ತಿತ್ತು. ಡಬ್ಬಿಯ ಮುಚ್ಚಳ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡೆ. ಅಷ್ಟು ಕಾದಿತ್ತು.

"ಅದನ್ನ ಮುಟ್ಬೇಡಿ!" ಗೌಡರು ಮುಂದೆ ಬಂದರು.

ಧನ್ಯಾ ಅಡ್ಡ ನಿಂತರು. "ಮುಟ್ಲಿ ಬಿಡಿ. ಅಮ್ಮ, ನಿಮಗೆ ಬೇಕಾದ್ದು ಮಾಡಿ."

ಸೆರಗನ್ನು ಕೈಗೆ ಸುತ್ತಿಕೊಂಡೆ. ಮರದ ಹಿಡಿಯ ಇಕ್ಕಳದಿಂದ ಫ್ಯೂಸನ್ನು ಹಿಡಿದು ಕಿತ್ತೆ.

ಮೊದಲು ಪೆಟ್ಟಿ‌ಗೆಯೊಳಗಿನ ಗೊಣಗು ನಿಂತು ಮೋಟಾರು ನಯವಾಗಿ ಹಾಡಿತು. ಅರ್ಧ ನಿಮಿಷದ ಮೇಲೆ ಗುಡ್ಡದಿಂದ ಒಂದು ಗಂಡಸಿನ ದನಿ, "ಹಲೋ! ಬಿಸಿನೀರು ಹೋಯ್ತು!" ಅದರ ಬೆನ್ನಿಗೇ ಇನ್ನೊಂದು ಕಾಟೇಜಿನಿಂದ ಒಬ್ಬ ಹೆಂಗಸು, "ನಮ್ದೂ!" ಮೂರನೆಯವನು ಕೂಗಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಮೀಟರು ಮುಟ್ಟಿಸಿದೆ. ನಾನೂರ ಹತ್ತು, ನಾನೂರ ಒಂಬತ್ತು, ನಾನೂರ ಎಂಟು.

"ಆರು ಕಾಟೇಜಿನ ಗೀಸರೂ ಒಂದೇ ಫೇಸಿನ ಮೇಲೆ," ನಾನು ಹೇಳಿದೆ. "ಇದೇ ಬೋರ್ಡಿಂದ ಡ್ರೈಯರ್ ಮನೆಗೂ ಲೈನು ಹೋಗಿತ್ತು. ಇಪ್ಪತ್ತಾರನೇ ತಾರೀಕು ಸಾಲು ರಜ, ಎಲ್ಲಾ ಕಾಟೇಜು ಭರ್ತಿ. ಸಂಜೆ ಎಲ್ರೂ ಒಟ್ಟಿಗೆ ಸ್ನಾನಕ್ಕೆ ಹೋದ್ರು. ಇಲ್ಲಿ ಡ್ರೈಯರಿನ ಮೋಟಾರು ಸುಡ್ತು. ಮಂಜಯ್ಯನವ್ರ ಕೈಯಲ್ಲಿ ಏನೂ ತಪ್ಪಾಗಿಲ್ಲ ಧನ್ಯಾ ಮೇಡಂ. ಬರ್ಕೊಳ್ಳಿ."

ಸುಪ್ರೀತ ಟ್ಯಾಬನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದ. "ಈ ಲೈನ್ ಇರೋದು ನಂಗೆ ಯಾರೂ ಹೇಳ್ಲಿಲ್ಲ," ಎಂದ. ಅವನು ಅದನ್ನು ಗೌಡರಿಗೆ ಹೇಳಿದನೋ ನಮಗೋ ತಿಳಿಯಲಿಲ್ಲ.

ಧನ್ಯಾ ಬರೆದು ಮುಗಿಸಿ ತಲೆಯೆತ್ತಿದರು. ಇನ್ನೂ ಮೂವತ್ತು ದಾಟದ ಹುಡುಗಿ, ಆದರೆ ಪ್ರಶ್ನೆ ಕೇಳುವುದು ಚೆನ್ನಾಗಿ ಗೊತ್ತು. "ಈ ಲೈನ್ ಎಳೆದವ್ರು ಯಾರು ರಾಜೇಶ್ ಅವ್ರೆ?"

ಗೌಡರ ಮುಖ ಸಡಿಲವಾಯಿತು. ಇಡೀ ದಿನದಲ್ಲಿ ಮೊದಲ ಸಲ ಅವರು ನಕ್ಕರು. "ಅದನ್ನ ನಾನ್ಯಾಕೆ ಹೇಳ್ಲಿ? ಇಲ್ಲೇ ಇದಾರಲ್ಲ. ಕೇಳಿ."

ಅವರು ನೋಡುತ್ತಿದ್ದದ್ದು ರಂಜಿತಾಳನ್ನು.

ಮೂರು ಗಂಟೆಗೆ ನನ್ನ ತೋಳು ಹಿಡಿದ ಕೈ ಯಾಕೆ ಹಿಡಿದಿತ್ತೆಂದು ಆಗ ಅರ್ಥವಾಯಿತು.

"ರಂಜಿತಾ, ಉತ್ತರ ಕೊಡ್ಬೇಡ," ಎಂದೆ. "ವಕೀಲರು ಬರ್ಲಿ."

"ಇಲ್ಲ ಟೀಚರಮ್ಮ. ಹತ್ತು ದಿನ ಸುಮ್ನಿದ್ದಿದ್ದೇ ಹೆಚ್ಚಾಯ್ತು." ಅವಳು ಪೆಟ್ಟಿಗೆಯನ್ನು ಬಳಸಿಕೊಂಡು ಬಂದು ಧನ್ಯಾರ ಎದುರು ನಿಂತಳು. "ಎಳೆದಿದ್ದು ನಾನೇ ಮೇಡಂ. ಹೋದ ವರ್ಷ ಕಾಟೇಜ್ ಕಟ್ಟೋವಾಗ ಕಾಂಕ್ರೀಟ್ ಮಿಷನ್ನಿಗೆ ಅಂತ ಎರಡು ತಿಂಗಳಿಗೆ, ಇಲಾಖೆ ಅಪ್ಪಣೆ ಇಲ್ದೆ, ಎಳೆದು ಕೊಟ್ಟೆ. ಮುಗಿದ ಮೇಲೆ ಬಿಚ್ತೀನಿ ಅಂದ್ರೆ ಗೌಡ್ರು ಇರ್ಲಿ ಅಂದ್ರು. ಗೀಸರ್ ಹಾಕ್ಸಿದ್ದು ನಂಗೆ ಗೊತ್ತಿರ್ಲಿಲ್ಲ. ಆದ್ರೂ ಎಳೆದಿದ್ದು ನಾನು. ಅದಕ್ಕೆ ಎಂತ ಶಿಕ್ಷೆ ಇದೆಯೋ ಕೊಡಿ, ತಗೋತೀನಿ."

"ನೋಡಿದ್ರಾ?" ಗೌಡರು ಕೈ ಹರಡಿದರು. "ಅಪ್ಪ ಅಲ್ದಿದ್ರೆ ಮಗಳು."

"ನಿಲ್ಲಿ ಗೌಡ್ರೆ, ನಂದು ಮುಗಿದಿಲ್ಲ." ರಂಜಿತಾ ಅವರ ಕಡೆ ತಿರುಗಿಯೂ ನೋಡಲಿಲ್ಲ. "ಬೆಂಕಿ ಬಿದ್ದ ದಿನ ಮಧ್ಯಾಹ್ನ ಜನಾರ್ದನಣ್ಣ ನಂಗೆ ಫೋನ್ ಮಾಡಿದ್ರು. ಡಬ್ಬಿ ಮುಟ್ಟೋಕಾಗದಷ್ಟು ಕಾಯ್ತಿದೆ, ಗೌಡ್ರಿಗೆ ಹೇಳಿ ಹೇಳಿ ಸಾಕಾಯ್ತು, ನಾಳೆ ನಾನೇ ಇಲಾಖೆಗೆ ಬರ್ದು ಕೊಡ್ತೀನಿ, ಅಷ್ಟರೊಳಗೆ ನೀನು ಬಂದು ಬಿಚ್ಚು ಅಂದ್ರು. ನಾನು ಕಳಸದಲ್ಲಿ ಒಂದು ಪಂಪಿನ ಕೆಲ್ಸದಲ್ಲಿದ್ದೆ. ಅಪ್ಪಂಗೆ ಹೇಳ್ದೆ. ಅಪ್ಪ ಬಂದ್ರು."

"ಎಲ್ಲಿಗೆ ಬಂದ್ರು?" ಧನ್ಯಾರ ಪೆನ್ನು ನಿಂತಿತು.

"ಇಲ್ಲಿಗೆ. ಮೂಡಿಗೇರೇಲಿ ಮೂರೂವರೆ ಬಸ್ಸು ಹತ್ತಿ."

"ಮಂಜಯ್ಯ ಆವತ್ತು ಇಡೀ ದಿನ ಅಂಗಡೀಲಿದ್ದೆ ಅಂದಿದಾರೆ."

"ಸುಳ್ಳು. ವಾಪಸ್ ಬಂದಾಗ ಎರಡು ಕೈಯಲ್ಲೂ ಬೊಬ್ಬೆ ಎದ್ದಿತ್ತು."

"ವಾರ್ನಿಶ್ ಒಲೆ ತಾಗಿದ್ದು ಅಂತ ಬರೆಸಿದಾರೆ."

"ಅದೂ ಸುಳ್ಳು ಮೇಡಂ." ಅವಳು ಮುಂದುವರಿಸಿದಳು. "ಅವ್ರು ಬರೋ ಹೊತ್ತಿಗೆ ಬೆಂಕಿ ಹತ್ತಿತ್ತು. ಒಳಗಿಂದ ಜನಾರ್ದನಣ್ಣ ಬಾಗಿಲು ಬಡೀತಿದ್ರಂತೆ. ಬಾಗಿಲಿಗೆ ಹೊರಗಿಂದ ಚಿಲಕ ಹಾಕಿತ್ತಂತೆ. ಕಾದ ಚಿಲಕ ಎಳೆದೂ ಎಳೆದೂ ಅಪ್ಪನ ಕೈ ಸುಟ್ಟಿದ್ದು. ಅದು ಬರ್ಲಿಲ್ಲ."

ಪೆಟ್ಟಿಗೆಯೊಳಗೆ ಮೋಟಾರು ತನ್ನ ಪಾಡಿಗೆ ತಿರುಗುತ್ತಿತ್ತು. ನಾನೇ ಹೋಗಿ ಸ್ವಿಚ್ಚು ಆರಿಸಿದೆ.

ಇಷ್ಟು ದಿನ ಇದನ್ನು ಅಪಘಾತವೆಂದು ತಿಳಿದು ಯಾರ ಅಜಾಗರೂಕತೆಯೆಂದು ನಾವು ಹೊಡೆದಾಡುತ್ತಿದ್ದೆವು. ಬಾಗಿಲು ಪೂರ್ತಿ ಸುಟ್ಟು ಬೂದಿಯಾಗಿತ್ತು, ಚಿಲಕದ ಕಡೆ ಯಾರೂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

"ಚಿಲಕ ಹಾಕಿದ್ದು ಯಾರು?" ಧನ್ಯಾ ಮೆಲ್ಲಗೆ ಕೇಳಿದರು.

"ಆಗ ಬಾಗಿಲ ಹತ್ರದಿಂದ ಹೋದವ್ರನ್ನ ಅಪ್ಪ ಕಂಡಿದಾರೆ. ನಂಗೆ ಹೆಸ್ರು ಹೇಳ್ಲಿಲ್ಲ. ಹೇಳಿದ್ರೆ ಲೈನ್ ಎಳೆದ ನಿನ್ನ ಮಗಳನ್ನ ಒಳಗೆ ಹಾಕಿಸ್ತೀವಿ ಅಂತ ಅವ್ರಿಗೆ ಹೆದರಿಸಿದಾರೆ. ಅದಕ್ಕೇ ತಪ್ಪು ನಂದೇ ಅಂತ ಹೋಗಿ ಕೂತಿದಾರೆ. ನನ್ನ ಹತ್ರಾನೂ ಆಣೆ ಹಾಕಿಸ್ಕೊಂಡಿದ್ರು." ಅವಳು ಕಪ್ಪಿಟ್ಟ ಬೆರಳುಗಳಿಂದ ಮುಖ ಒರೆಸಿಕೊಂಡಳು. "ಈಗ ಮಗಳೇ ಒಪ್ಪಿಕೊಂಡಾಯ್ತಲ್ಲ ಮೇಡಂ. ಇನ್ನು ಅವ್ರಿಗೆ ಹೆದರಿಸೋಕೆ ಎಂತ ಉಳಿದಿದೆ? ನನ್ನ ಅರೆಸ್ಟ್ ಮಾಡಿ ಅವ್ರ ಮುಂದೆ ನಿಲ್ಸಿ. ಹೆಸ್ರು ಹೇಳ್ತಾರೆ."

ಧನ್ಯಾ ನೋಟ್‌ಬುಕ್ಕು ಮಡಚಿ ಜೇಬಿಗೆ ಹಾಕಿಕೊಂಡರು. ಹೊರಗಿದ್ದ ಕಾನ್‌ಸ್ಟೇಬಲ್ಲಿಗೆ ಎಸ್ಟೇಟಿನ ಗೇಟು ಹಾಕಲು ಕೂಗಿ ಹೇಳಿದರು.

ನಾನು ರಂಜಿತಾಳ ಹೆಗಲ ಮೇಲೆ ಕೈಯಿಟ್ಟು ಎದುರಿಗಿದ್ದ ಇಬ್ಬರನ್ನು ನೋಡಿದೆ. ರಾಜೇಶ್ ಗೌಡರು ಸುಪ್ರೀತನನ್ನು ನೋಡುತ್ತಿದ್ದರು. ಸುಪ್ರೀತ ಗೌಡರನ್ನು ನೋಡುತ್ತಿದ್ದ. ಗೊತ್ತಿಲ್ಲದವರು ಮೊದಲು ಕೇಳುವ ಪ್ರಶ್ನೆಯನ್ನು, ಯಾವ ಬಾಗಿಲು, ಎಂಥ ಚಿಲಕ ಎಂಬುದನ್ನು, ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ.